ಸಂಶಯದ ಲಾಭ ಬಿದ್ದವನಿಗಿರಲಿ

2014ರ ಜುಲೈ 13ರಂದು ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಜರ್ಮನಿ ಮತ್ತು ಅರ್ಜೆಂಟೀನಾ ನಡುವೆ ವಿಶ್ವಕಪ್ ಫೈನಲ್. ವಾರ್ಮ್ ಅಪ್ ವೇಳೆ ಸಮಿ ಖೆದಿರಾ ಗಾಯಗೊಂಡಿದ್ದರಿಂದ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್‌ಗೆ ಕೊನೇ ಗಳಿಗೆಯಲ್ಲಿ ಆಡುವ ಅವಕಾಶ ಸಿಕ್ಕಿತ್ತು. 17ನೇ ನಿಮಿಷದಲ್ಲಿ ಅರ್ಜೆಂಟೀನಾದ ಎಝೆಕಿಯೆಲ್ ಗರಾಯ್ ಅವರ ಭುಜ ಕ್ರಾಮರ್ ಮುಖಕ್ಕೆ ಬಲವಾಗಿ ಬಡಿಯಿತು. ತಂಡದ ವೈದ್ಯರು ಬಂದು ನೋಡಿದರು, ಕ್ರಾಮರ್ ಎದ್ದು ಮತ್ತೆ ಓಡತೊಡಗಿದರು. ಸ್ವಲ್ಪ ಹೊತ್ತಿನ ನಂತರ ಅವರು ರೆಫರಿ ನಿಕೋಲಾ ರಿಝೋಲಿ ಬಳಿ ಬಂದು, ಇದು ಫೈನಲ್ ಪಂದ್ಯವೇ ಎಂದು ಕೇಳಿದರು. ರಿಝೋಲಿ ಮೊದಲು ಇದನ್ನು ತಮಾಷೆ ಎಂದುಕೊಂಡರು. ಆಟಗಾರ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ವಿಷಯ ಅರ್ಥವಾಗಿ, ಜರ್ಮನಿಯ ಬಾಸ್ಟಿಯನ್ ಶ್ವೈನ್‌ಸ್ಟೈಗರ್ ಅವರನ್ನು ಕರೆದು ತಿಳಿಸಿದರು. 31ನೇ ನಿಮಿಷದಲ್ಲಿ ಕ್ರಾಮರ್ ಹೊರಗೆ ಹೋದರು. ಆ ಮೊದಲ ಅವಧಿಯ ನೆನಪು ತನಗೆ ಹೆಚ್ಚೇನೂ ಇಲ್ಲ ಎಂದು ಅವರೇ ಆಮೇಲೆ ಹೇಳಿಕೊಂಡರು.

ತಲೆಗೆ ಪೆಟ್ಟು ಬಿದ್ದು, ತಾನು ಯಾವ ಪಂದ್ಯ ಆಡುತ್ತಿದ್ದೇನೆ ಎಂಬುದೇ ತಿಳಿಯದ ಮನುಷ್ಯ ಜಗತ್ತಿನ ಅತಿ ದೊಡ್ಡ ಪಂದ್ಯದಲ್ಲಿ ಹದಿನಾಲ್ಕು ನಿಮಿಷ ಓಡಾಡಿದ. ಇದನ್ನು ಮೊದಲು ಪತ್ತೆ ಮಾಡಿದ್ದು ವೈದ್ಯರೂ ಅಲ್ಲ, ಕೋಚ್ ಕೂಡ ಅಲ್ಲ, ರೆಫರಿ. ಅದೂ ಆಟಗಾರನೇ ಬಂದು ಕೇಳಿದ್ದರಿಂದ. ರಿಝೋಲಿ ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಅವರು ಮಾಡಬಹುದಾಗಿದ್ದು ಅಷ್ಟೇ. ಕ್ರಾಮರ್ ಬದಲಿಗೆ ಬೇರೊಬ್ಬನನ್ನು ಇಳಿಸಲೇಬೇಕು ಎಂದು ಹೇಳುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಗಾಯಗೊಂಡ ಆಟಗಾರನ ವಿಷಯದಲ್ಲಿ ಫುಟ್‌ಬಾಲ್ ತನ್ನ ರೆಫರಿಯಿಂದ ಏನನ್ನು ನಿರೀಕ್ಷಿಸುತ್ತದೆ, ಅದಕ್ಕೆ ತಕ್ಕ ಬಲವನ್ನು ಅವನಿಗೆ ಕೊಟ್ಟಿದೆಯೇ ಎಂಬುದು ಇಲ್ಲಿ ನನ್ನ ಪ್ರಶ್ನೆ.

ಆಟದ ನಿಯಮಗಳ ಐದನೆಯದು ರೆಫರಿಗೆ ಸಂಬಂಧಿಸಿದ್ದು. ಗಾಯದ ಬಗ್ಗೆ ಅದು ಹೇಳುವುದು ಕೇಳಲು ಸರಳವಾಗಿದೆ. ಪೆಟ್ಟು ಸಣ್ಣದಾದರೆ ಚೆಂಡು ಆಟದಿಂದ ಹೊರಗೆ ಹೋಗುವವರೆಗೆ ಆಟ ಮುಂದುವರಿಯಲಿ. ಪೆಟ್ಟು ಗಂಭೀರವಾದರೆ ಆಟ ನಿಲ್ಲಿಸಿ, ಗಾಯಾಳುವನ್ನು ಮೈದಾನದಿಂದ ಹೊರಗೆ ಕಳಿಸಬೇಕು. ಮೈದಾನದೊಳಗೆ ಚಿಕಿತ್ಸೆ ಕೂಡದು. ರಕ್ತ ಬರುತ್ತಿದ್ದರೆ ಹೊರಗೆ ಹೋಗಲೇಬೇಕು. ಹೊರಗೆ ಹೋದವನು ಆಟ ಮತ್ತೆ ಶುರುವಾದ ಮೇಲೆ, ರೆಫರಿಯ ಒಪ್ಪಿಗೆ ಪಡೆದು ಒಳಗೆ ಬರಬೇಕು.

ಈ ಸರಳತೆಯ ಅಡಿಯಲ್ಲಿ ಒಂದು ಕಷ್ಟವಿದೆ. ಸಣ್ಣದೋ ಗಂಭೀರವೋ ಎಂದು ತೀರ್ಮಾನಿಸಬೇಕಾದವನು ರೆಫರಿ. ವೈದ್ಯ ಸ್ಕ್ಯಾನ್ ಮಾಡಿಸಿ, ಒಂದು ರಾತ್ರಿ ನಿಗಾ ಇಟ್ಟು ಹೇಳುವ ಮಾತನ್ನು ಈತ ಮೂವತ್ತು ಮೀಟರ್ ದೂರದಿಂದ, ಓಡುತ್ತಲೇ, ಎರಡು ಸೆಕೆಂಡಿನಲ್ಲಿ ಹೇಳಬೇಕು. ಜತೆಗೆ ಇನ್ನೊಂದು ಪ್ರಶ್ನೆ ಅವನ ತಲೆಯಲ್ಲಿ ಸದಾ ಇರುತ್ತದೆ: ಇವನಿಗೆ ನಿಜವಾಗಿ ಪೆಟ್ಟಾಗಿದೆಯೋ, ನಾಟಕವೋ? ಈ ಎರಡು ಪ್ರಶ್ನೆಗಳು ಬೆರೆತುಹೋಗಿರುವುದೇ ಇವತ್ತಿನ ಪದ್ಧತಿಯ ದೊಡ್ಡ ದೋಷ ಎಂದು ನಾನು ನಂಬುತ್ತೇನೆ. ಮೊದಲನೆಯದು ಜೀವದ ಪ್ರಶ್ನೆ, ಎರಡನೆಯದು ಸಮಯದ ಪ್ರಶ್ನೆ. ನಾಟಕ ಮಾಡುವವರಿಗೆ ಕೊಡಬೇಕಾದ ಶಿಕ್ಷೆ ಗಡಿಯಾರದಲ್ಲೂ ಹಳದಿ ಕಾರ್ಡಿನಲ್ಲೂ ಇದೆ. ಅದನ್ನು ನಿಜವಾಗಿ ಬಿದ್ದವನ ಮೇಲಿನ ಅನುಮಾನವಾಗಿ ತಿರುಗಿಸಬಾರದು.

ಅನುಮಾನಕ್ಕೆ ಕಾರಣವಿಲ್ಲ ಎಂದು ನಾನು ಹೇಳುತ್ತಿಲ್ಲ. 2002ರ ವಿಶ್ವಕಪ್‌ನಲ್ಲಿ, ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಬ್ರೆಜಿಲ್–ಟರ್ಕಿ ಪಂದ್ಯದ ಕೊನೆಯಲ್ಲಿ ಟರ್ಕಿಯ ಹಕಾನ್ ಉನ್ಸಾಲ್ ಒದ್ದ ಚೆಂಡು ರಿವಾಲ್ಡೊ ಕಾಲಿಗೆ ತಗುಲಿತು. ರಿವಾಲ್ಡೊ ಮುಖ ಹಿಡಿದುಕೊಂಡು ಬಿದ್ದರು. ಉನ್ಸಾಲ್‌ಗೆ ಎರಡನೇ ಹಳದಿ ಕಾರ್ಡು, ಮೈದಾನದಿಂದ ನಿರ್ಗಮನ. ಇಡೀ ಜಗತ್ತು ಟಿವಿಯಲ್ಲಿ ಅದನ್ನು ನೋಡಿತು, ಫಿಫಾ ಆಮೇಲೆ ರಿವಾಲ್ಡೊಗೆ ದಂಡ ಹಾಕಿತು. ಇಂಥ ಒಂದೊಂದು ನಾಟಕವೂ ಮುಂದೆ ನಿಜವಾಗಿ ಬೀಳುವ ಹತ್ತು ಮಂದಿಯ ಮೇಲಿನ ನಂಬಿಕೆಯನ್ನು ಕಸಿಯುತ್ತದೆ. ಕೋಪ ಬರಬೇಕಾದ್ದು ಅದಕ್ಕೆ. ಆದರೂ ಲೆಕ್ಕ ಹಾಕಿ ನೋಡೋಣ: ನಾಟಕವನ್ನು ನಂಬಿ ಸೀಟಿ ಊದಿದರೆ ಹೋಗುವುದು ಒಂದು ನಿಮಿಷದ ಆಟ, ಹೆಚ್ಚೆಂದರೆ ಒಂದು ಗೋಲು. ನಿಜವನ್ನು ನಾಟಕವೆಂದುಕೊಂಡರೆ ಹೋಗುವುದೇನು ಎಂಬುದಕ್ಕೆ ಉತ್ತರ ಬೇರೆಯೇ.

2021ರ ಜೂನ್ 12, ಕೋಪನ್‌ಹೇಗನ್‌ನ ಪಾರ್ಕೆನ್ ಕ್ರೀಡಾಂಗಣ, ಯೂರೋ ಕಪ್‌ನಲ್ಲಿ ಡೆನ್ಮಾರ್ಕ್–ಫಿನ್ಲೆಂಡ್. ಮೊದಲ ಅವಧಿ ಮುಗಿಯಲು ಕೆಲವೇ ನಿಮಿಷ ಬಾಕಿ. ಥ್ರೋ-ಇನ್‌ನಿಂದ ಬರುತ್ತಿದ್ದ ಚೆಂಡಿನತ್ತ ಎರಡು ಹೆಜ್ಜೆ ಹಾಕಿದ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಮುಗ್ಗರಿಸಿದಂತೆ ಮುಂದಕ್ಕೆ ಬಿದ್ದರು. ಯಾರೂ ತಾಗಿರಲಿಲ್ಲ. ಬೀಳುವಾಗ ಕೈ ಮುಂದೆ ಚಾಚಲಿಲ್ಲ. ಇದನ್ನು ಗಮನಿಸಬೇಕು. ಪ್ರಜ್ಞೆ ಇರುವವನು ಬೀಳುವಾಗ, ನಾಟಕ ಮಾಡುವವನಾದರೂ ಸರಿ, ಕೈ ತಾನಾಗಿ ನೆಲದತ್ತ ಬರುತ್ತದೆ, ಮುಖ ಪಕ್ಕಕ್ಕೆ ತಿರುಗುತ್ತದೆ. ಕೈ ಚಾಚದೆ, ಕಡಿದ ಮರ ಉರುಳುವಂತೆ ಬಿದ್ದವನ ವಿಷಯದಲ್ಲಿ ಯೋಚಿಸಲು ಏನೂ ಉಳಿದಿರುವುದಿಲ್ಲ. ರೆಫರಿ ಆಂಥೊನಿ ಟೇಲರ್ ಯೋಚಿಸಲೂ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಸೀಟಿ ಊದಿ, ವೈದ್ಯರತ್ತ ಕೈ ಬೀಸಿ ಕರೆದರು. ಹೃದಯ ನಿಂತುಹೋದವನಿಗೆ ಎದೆ ಒತ್ತುವಿಕೆಯಾಗಲಿ ಡಿಫಿಬ್ರಿಲೇಟರ್ ಆಗಲಿ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಸುಮಾರು ಶೇ. 7ರಿಂದ 10ರಷ್ಟು ಕುಸಿಯುತ್ತದೆ ಎಂದು ವೈದ್ಯಕೀಯ ಹೇಳುತ್ತದೆ. ಟೇಲರ್ ಉಳಿಸಿದ್ದು ಆ ಶೇಕಡಾವಾರನ್ನು. ಎರಿಕ್ಸನ್ ಬದುಕಿದರು, ಎದೆಯಲ್ಲಿ ಯಂತ್ರ ಅಳವಡಿಸಿಕೊಂಡು ಮತ್ತೆ ಆಡಿದರು. ವರ್ಷಗಳಿಂದ ಟೇಲರ್ ಅವರ ಪೆನಾಲ್ಟಿ ತೀರ್ಪುಗಳ ಬಗ್ಗೆ ಇಂಗ್ಲೆಂಡಿನಲ್ಲಿ ಜಗಳಗಳಾಗುತ್ತಲೇ ಇವೆ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಅತ್ಯುತ್ತಮ ತೀರ್ಪು ಆ ಸೀಟಿ.

ಅದೇ ಸಂಜೆಯ ಇನ್ನೊಂದು ನಿರ್ಧಾರವನ್ನು ಮಾತ್ರ ಒಪ್ಪಲಾಗದು. ಎರಿಕ್ಸನ್‌ಗೆ ಪ್ರಜ್ಞೆ ಬಂದಿದೆ ಎಂಬ ಸುದ್ದಿ ಬಂದ ಮೇಲೆ ಪಂದ್ಯವನ್ನು ಅದೇ ರಾತ್ರಿ ಮುಗಿಸಲಾಯಿತು. ಇಲ್ಲವೇ ಮಾರನೇ ದಿನ ಮಧ್ಯಾಹ್ನ ಆಡಿ ಎಂಬುದು ಆಟಗಾರರ ಮುಂದಿದ್ದ ಇನ್ನೊಂದು ಆಯ್ಕೆ. ಗೆಳೆಯನ ಸುತ್ತ ಗೋಡೆಯಂತೆ ನಿಂತು, ಅಳುತ್ತ, ಅವನ ಎದೆ ಒತ್ತುವುದನ್ನು ಕೇಳಿಸಿಕೊಂಡ ಹುಡುಗರಿಗೆ ಇವೆರಡರಲ್ಲಿ ಒಂದನ್ನು ಆರಿಸಿ ಎನ್ನುವುದು ಆಯ್ಕೆಯೇ ಅಲ್ಲ. ಪಂದ್ಯವನ್ನು ರದ್ದುಪಡಿಸುವ ಅಧಿಕಾರ ನಿಯಮದ ಪ್ರಕಾರ ರೆಫರಿಗಿದೆ. ದೊಡ್ಡ ಟೂರ್ನಿಗಳಲ್ಲಿ ಅದು ಕಾಗದದ ಮೇಲೆ ಮಾತ್ರ. 2012ರ ಮಾರ್ಚ್ 17ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್‌ನಲ್ಲಿ ಟಾಟನ್‌ಹ್ಯಾಮ್–ಬೋಲ್ಟನ್ ಎಫ್‌ಎ ಕಪ್ ಪಂದ್ಯದಲ್ಲಿ ಫ್ಯಾಬ್ರಿಸ್ ಮುಆಂಬಾ ಹೀಗೆಯೇ ಕುಸಿದಾಗ ರೆಫರಿ ಹೊವಾರ್ಡ್ ವೆಬ್ ಪಂದ್ಯವನ್ನು ಅಲ್ಲಿಗೇ ಕೈಬಿಟ್ಟರು. ಮಾದರಿ ಅದು.

ಹೃದಯಸ್ತಂಭನದ ವಿಷಯ ಒಂದರ್ಥದಲ್ಲಿ ಸುಲಭ. ಯಾರೂ ತಾಗದೆ ಬಿದ್ದರೆ ಸೀಟಿ, ವಾದವಿಲ್ಲ. ಕಷ್ಟ ಇರುವುದು ತಲೆಯ ಪೆಟ್ಟಿನಲ್ಲಿ. ಏಕೆಂದರೆ ಅಲ್ಲಿ ಗಾಯಾಳುವೇ ಎದ್ದು ನಿಂತು ತನಗೇನೂ ಆಗಿಲ್ಲ ಎನ್ನುತ್ತಾನೆ. 2014ರ ಅದೇ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಮೊಣಕಾಲಿನ ಪೆಟ್ಟು ತಿಂದು ಪ್ರಜ್ಞೆ ತಪ್ಪಿದ ಉರುಗ್ವೆಯ ಅಲ್ವಾರೊ ಪೆರೇರಾ, ಬದಲಿ ಆಟಗಾರನನ್ನು ಕಳಿಸಿ ಎಂದು ಸನ್ನೆ ಮಾಡಿದ ವೈದ್ಯರನ್ನೇ ಗದರಿಸಿ ಆಟದಲ್ಲಿ ಉಳಿದರು. ಅವರನ್ನು ಹುಲಿ ಎಂದು ಹೊಗಳಿದವರಿದ್ದಾರೆ. ಆದರೆ ಪೆಟ್ಟು ತಿಂದ ಮಿದುಳು ತನ್ನ ಸ್ಥಿತಿಯ ಬಗ್ಗೆ ತಾನೇ ತೀರ್ಪು ಕೊಡಲಾರದು.

ಆ ವಿಶ್ವಕಪ್‌ನ ನಂತರ ಮೂರು ನಿಮಿಷದ ಪದ್ಧತಿ ಬಂತು. ತಲೆಗೆ ಪೆಟ್ಟು ಬಿದ್ದ ಶಂಕೆ ಇದ್ದರೆ ರೆಫರಿ ಮೂರು ನಿಮಿಷದವರೆಗೆ ಆಟ ನಿಲ್ಲಿಸಬಹುದು, ತಂಡದ ವೈದ್ಯ ಸರಿ ಎಂದರೆ ಮಾತ್ರ ಆಟಗಾರ ಮುಂದುವರಿಯಬಹುದು. ನೋಡಲು ಒಳ್ಳೆಯ ನಿಯಮ. ಅದು ಎಲ್ಲಿ ಸೋಲುತ್ತದೆ ಎಂದು ತೋರಿಸಿದ್ದು 2019ರ ಏಪ್ರಿಲ್ 30ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಟಾಟನ್‌ಹ್ಯಾಮ್‌ನ ಯಾನ್ ವರ್ಟೊಂಗೆನ್ ತಮ್ಮದೇ ತಂಡದ ಟೋಬಿ ಆಲ್ಡರ್‌ವೈರೆಲ್ಡ್ ತಲೆಗೆ ಡಿಕ್ಕಿ ಹೊಡೆದು ಬಿದ್ದರು. ಮುಖದ ತುಂಬ ರಕ್ತ. ರೆಫರಿ ಅಂತೋನಿಯೊ ಮತೇಯು ಲಾಹೋಸ್ ತಂಡದವರನ್ನು ಕೇಳಿದರು, ಮತ್ತೊಮ್ಮೆ ಕೇಳಿದರು. ಖಚಿತಪಡಿಸಿಕೊಳ್ಳದೆ ಒಳಗೆ ಬಿಡಲಿಲ್ಲ. ತಂಡ ಖಾತರಿ ಕೊಟ್ಟಿತು. ವರ್ಟೊಂಗೆನ್ ಒಳಗೆ ಬಂದು ಒಂದೆರಡು ನಿಮಿಷ ಆಗುವುದರೊಳಗೆ ಕಾಲು ಸೋತು, ಇಬ್ಬರ ಹೆಗಲ ಆಸರೆಯಲ್ಲಿ ಹೊರಗೆ ಹೋದರು. ತಿಂಗಳುಗಟ್ಟಲೆ ತಲೆಸುತ್ತು, ತಲೆನೋವು ಕಾಡಿತೆಂದು ಮರುವರ್ಷ ಹೇಳಿದರು. ಇಲ್ಲಿ ರೆಫರಿ ನಿಯಮ ಹೇಳಿದ್ದನ್ನೆಲ್ಲ ಮಾಡಿದ್ದರು, ಅದಕ್ಕಿಂತ ಒಂದು ಹೆಜ್ಜೆ ಮುಂದೆಯೂ ಹೋಗಿದ್ದರು. ಸೋತದ್ದು ನಿಯಮ. ಸೆಮಿಫೈನಲ್ ಗೆಲ್ಲಬೇಕಾದ ತಂಡವೇ ಸಂಬಳ ಕೊಡುವ ವೈದ್ಯರ ಮೇಲೆ, ಸಾವಿರಾರು ಜನರ ಕೂಗಿನ ನಡುವೆ, ಮೂರು ನಿಮಿಷದಲ್ಲಿ ಇಂಥ ತೀರ್ಮಾನದ ಹೊರೆ ಹೊರಿಸುವುದು ಅವರಿಗೂ ಅನ್ಯಾಯ.

ತಲೆಪೆಟ್ಟಿಗೆಂದೇ ಹೆಚ್ಚುವರಿ ಬದಲಿ ಆಟಗಾರನನ್ನು ಕೊಡುವ ಪ್ರಯೋಗ 2021ರಲ್ಲಿ ಶುರುವಾಯಿತು, 2024ರಲ್ಲಿ ನಿಯಮಪುಸ್ತಕ ಸೇರಿತು. ಆದರೆ ಹಾಗೆ ಹೊರಗೆ ಹೋದವನು ಮರಳಿ ಬರುವಂತಿಲ್ಲ. ರಗ್ಬಿಯಲ್ಲಿ ಶಂಕೆ ಇರುವ ಆಟಗಾರನನ್ನು ಒಳಗೆ ಕರೆದೊಯ್ದು ಹತ್ತು ಹನ್ನೆರಡು ನಿಮಿಷ ಪರೀಕ್ಷಿಸುತ್ತಾರೆ, ಅಷ್ಟು ಹೊತ್ತು ಬೇರೊಬ್ಬ ಆಡುತ್ತಾನೆ, ಸರಿ ಇದ್ದರೆ ಆತ ಮರಳುತ್ತಾನೆ. ಫುಟ್‌ಬಾಲಿನಲ್ಲೂ ಇಂಥ ತಾತ್ಕಾಲಿಕ ಬದಲಾವಣೆ ಬೇಕೆಂದು ಆಟಗಾರರ ಸಂಘ ಕೇಳಿತು, ಪ್ರೀಮಿಯರ್ ಲೀಗ್‌ನಂಥ ಲೀಗ್‌ಗಳು ಪ್ರಯೋಗಕ್ಕೆ ಸಿದ್ಧ ಎಂದವು. ನಿಯಮ ರೂಪಿಸುವ ಐಎಫ್‌ಎಬಿ 2023ರ ಜನವರಿಯಲ್ಲಿ ಒಪ್ಪಲಿಲ್ಲ. ಇದು ತಪ್ಪು ನಿರ್ಧಾರ. ಶಾಶ್ವತವಾಗಿ ಹೊರಗೆ ಕಳಿಸಬೇಕು ಎಂದಾದಾಗ ವೈದ್ಯನೂ ಕೋಚ್‌ ಕೂಡ ಹಿಂಜರಿಯುತ್ತಾರೆ. ಹತ್ತು ನಿಮಿಷಕ್ಕೆ ಎಂದಾದರೆ ಹಿಂಜರಿಯಬೇಕಾದ ಕಾರಣವೇ ಇಲ್ಲ. ತಂಡಗಳು ಇದನ್ನು ತಂತ್ರವಾಗಿ ದುರುಪಯೋಗ ಮಾಡಿಕೊಳ್ಳುತ್ತವೆ ಎಂಬ ಆಕ್ಷೇಪದಲ್ಲಿ ಮತ್ತೆ ಅದೇ ಹಳೆಯ ಅನುಮಾನವಿದೆ. ತಂಡಕ್ಕೆ ಸೇರದ ವೈದ್ಯರೊಬ್ಬರನ್ನು ರೆಫರಿಯ ಪಕ್ಕದಲ್ಲಿ ನಿಲ್ಲಿಸಿದರೆ ಆ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ. ಆಫ್‌ಸೈಡ್ ನೋಡಲು ಇಬ್ಬರು, ವಿಡಿಯೊ ನೋಡಲು ಒಂದು ಕೋಣೆ ತುಂಬ ಜನ ಇರುವ ಆಟಕ್ಕೆ ಇದು ಭಾರವಲ್ಲ.

ಇನ್ನು ಗಾಯಾಳು ಹೊರಗೆ ಹೋಗಬೇಕೆಂಬ ನಿಯಮ. ಇದರಲ್ಲಿ ಬಹುಕಾಲ ಒಂದು ಘೋರ ಅನ್ಯಾಯ ಅಡಗಿತ್ತು. ಎದುರಾಳಿ ಕಾಲಿಗೆ ಒದ್ದು ಹಳದಿ ಕಾರ್ಡು ಪಡೆದು ಒಳಗೇ ಉಳಿಯುತ್ತಿದ್ದ, ಒದೆ ತಿಂದವನು ಚಿಕಿತ್ಸೆಗೆ ಹೊರಗೆ ಹೋಗಿ ಗೆರೆಯ ಬಳಿ ಕಾಯುತ್ತಿದ್ದ. ಫ್ರೀಕಿಕ್ ಸಿಕ್ಕ ತಂಡ ಹತ್ತು ಜನರೊಂದಿಗೆ ಅದನ್ನು ತೆಗೆದುಕೊಳ್ಳುತ್ತಿತ್ತು. 2016ರಲ್ಲಿ ಇದನ್ನು ತಿದ್ದಿದರು: ಕಾರ್ಡ್ ಪಡೆಯುವಂಥ ಫೌಲ್‌ನಿಂದ ಗಾಯಗೊಂಡವನು, ಆರೈಕೆ ಬೇಗ ಮುಗಿದರೆ, ಒಳಗೇ ಉಳಿಯಬಹುದು. 2019ರಲ್ಲಿ ಪೆನಾಲ್ಟಿ ಒದೆಯಬೇಕಾದವನಿಗೂ ಅದೇ ವಿನಾಯಿತಿ ಸಿಕ್ಕಿತು. ಆ ದಶಕದ ತಿದ್ದುಪಡಿಗಳಲ್ಲಿ ಹೆಚ್ಚು ಸದ್ದು ಮಾಡದೆ ಹೆಚ್ಚು ನ್ಯಾಯ ತಂದದ್ದು ಇದು.

ಈಗಿನ ಗಾಳಿ ಮಾತ್ರ ತಿರುಗಿ ಬೀಸುತ್ತಿದೆ. ಚಿಕಿತ್ಸೆ ಪಡೆದವನು ಇಂತಿಷ್ಟು ಹೊತ್ತು ಹೊರಗೇ ಇರಬೇಕೆಂದು ಲೀಗ್‌ಗಳು ಕಟ್ಟಳೆ ಮಾಡುತ್ತಿವೆ. ಪ್ರೀಮಿಯರ್ ಲೀಗ್‌ನಲ್ಲಿ 30 ಸೆಕೆಂಡು, ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ 2024ರಿಂದ ಎರಡು ನಿಮಿಷ. ತಲೆಪೆಟ್ಟಿನಂಥವಕ್ಕೆ ಅಲ್ಲಿ ವಿನಾಯಿತಿ ಇದೆ, ನಿಜ. ಸುಮ್ಮನೆ ಬಿದ್ದು ಹೊರಳಾಡುವುದು ಇದರಿಂದ ತಗ್ಗಬಹುದು. ಆದರೆ ಕಾರ್ಡ್ ಸಿಗದ ಸಾಧಾರಣ ಫೌಲ್‌ಗೂ ಪಾದದ ಗಂಟು ಉಳುಕುತ್ತದೆ. ಎರಡು ನಿಮಿಷ ತಂಡ ಹತ್ತು ಜನರಿಗೆ ಇಳಿಯುತ್ತದೆ ಎಂದು ಗೊತ್ತಿದ್ದರೆ ಆ ಹುಡುಗ ವೈದ್ಯರನ್ನು ಕರೆಯದೆ ಕುಂಟುತ್ತಲೇ ಆಡುತ್ತಾನೆ. ನಾಟಕಕಾರನನ್ನು ಹಿಡಿಯಲು ಹೋಗಿ ನೋವನ್ನು ಮುಚ್ಚಿಡುವವನನ್ನು ತಯಾರು ಮಾಡುವ ನಿಯಮ ಇದು. ಕಳೆದ ಸಮಯವನ್ನು ಕೊನೆಯಲ್ಲಿ ಪೂರ್ತಿಯಾಗಿ ಸೇರಿಸಿದರೆ ಹೊರಳಾಟದಿಂದ ಯಾರಿಗೂ ಲಾಭವಿಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ರೆಫರಿಗಳು ಅದನ್ನು ಮಾಡಿ ತೋರಿಸಿದ್ದರು. ಇಂಗ್ಲೆಂಡ್–ಇರಾನ್ ಪಂದ್ಯದ ಎರಡು ಅವಧಿ ಸೇರಿ ಸುಮಾರು 27 ನಿಮಿಷ ಹೆಚ್ಚು ಆಡಿಸಿದ್ದರು. ಆ ದಾರಿ ಸರಿ ಇತ್ತು.

ಸೀಟಿ ಊದದೆ ಎಲ್ಲವನ್ನೂ ಆಟಗಾರರ ಸಜ್ಜನಿಕೆಗೆ ಬಿಡುವ ಹಳೆಯ ಪದ್ಧತಿಯೂ ಇನ್ನು ಸಾಕು. ಎದುರಾಳಿ ಬಿದ್ದರೆ ಚೆಂಡನ್ನು ಹೊರಗೆ ಒದೆಯುವುದು, ಅವರು ಅದನ್ನು ಮರಳಿಸುವುದು ಸುಂದರ ಸಂಪ್ರದಾಯ. 2000ದ ಡಿಸೆಂಬರ್‌ನಲ್ಲಿ ಎವರ್ಟನ್ ಗೋಲ್‌ಕೀಪರ್ ಪಾಲ್ ಜೆರಾರ್ಡ್ ಬಿದ್ದಿದ್ದನ್ನು ಕಂಡು, ಗೋಲ್ ಹೊಡೆಯಬಹುದಾಗಿದ್ದ ವೆಸ್ಟ್ ಹ್ಯಾಮ್‌ನ ಪಾವ್ಲೊ ಡಿ ಕ್ಯಾನಿಯೊ ಚೆಂಡನ್ನು ಕೈಯಲ್ಲಿ ಹಿಡಿದು ಆಟ ನಿಲ್ಲಿಸಿದ್ದನ್ನು ಯಾರೂ ಮರೆಯುವುದಿಲ್ಲ. ಆದರೆ 2019ರ ಏಪ್ರಿಲ್ 28ರಂದು ಲೀಡ್ಸ್‌ನಲ್ಲಿ ಆದದ್ದೂ ನೆನಪಿರಬೇಕು. ಆಸ್ಟನ್ ವಿಲ್ಲಾದ ಜೊನಾಥನ್ ಕೊಜಿಯಾ ನೆಲದ ಮೇಲಿದ್ದರು, ಲೀಡ್ಸ್ ಆಟಗಾರರು ಚೆಂಡನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡು ವಿಲ್ಲಾ ಆಟಗಾರರು ನಿಧಾನಿಸಿದರು, ಲೀಡ್ಸ್ ಗೋಲ್ ಹೊಡೆಯಿತು. ಮೈದಾನದಲ್ಲಿ ಕೈಕೈ ಮಿಲಾಯಿಸಿದರು. ಕೊನೆಗೆ ಕೋಚ್ ಮಾರ್ಸೆಲೊ ಬಿಯೆಲ್ಸಾ ತಮ್ಮ ಹುಡುಗರಿಗೆ ಅಡ್ಡ ಬರದಂತೆ ಹೇಳಿ, ಎದುರಾಳಿಗೆ ಒಂದು ಗೋಲ್ ಬಿಟ್ಟುಕೊಟ್ಟರು. ಬಿಯೆಲ್ಸಾ ದೊಡ್ಡವರು. ಆದರೆ ಆ ದೊಡ್ಡತನಕ್ಕೆ ಕೆಲಸ ಬಂದದ್ದು ರೆಫರಿ ಸೀಟಿ ಊದದೆ, ಆಡಿ ಎಂದೂ ಸ್ಪಷ್ಟವಾಗಿ ತೋರಿಸದೆ ಇದ್ದುದರಿಂದ. ನಿಲ್ಲಿಸುವುದಾದರೆ ತಕ್ಷಣ ನಿಲ್ಲಿಸಬೇಕು. ಮುಂದುವರಿಸುವುದಾದರೆ ಇಪ್ಪತ್ತೆರಡು ಜನರಿಗೂ ಕಾಣುವಂತೆ ಕೈ ಎತ್ತಿ ಆಡಿ ಎಂದು ಹೇಳಬೇಕು. ನಡುವಿನ ಮೌನವೇ ಜಗಳದ ಬೀಜ.

ತಡವಾದ ಸೀಟಿಗೂ ಒಂದು ಉದಾಹರಣೆ ಇದೆ. 2021ರ ಡಿಸೆಂಬರ್ 2ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ಕಾಲನ್ನು ಅವರದೇ ತಂಡದ ಫ್ರೆಡ್ ತುಳಿದರು. ಡಿ ಹೆಯಾ ನೆಲದಲ್ಲಿದ್ದಾಗಲೇ ಆರ್ಸೆನಲ್‌ನ ಎಮಿಲ್ ಸ್ಮಿತ್ ರೋ ಚೆಂಡನ್ನು ಗೋಲಿನೊಳಗೆ ಒದ್ದರು. ರೆಫರಿ ಮಾರ್ಟಿನ್ ಆಟ್ಕಿನ್ಸನ್ ಸೀಟಿ ಊದಿದ್ದು ಚೆಂಡು ಗೆರೆ ದಾಟಿದ ಮೇಲೆ. ಹಾಗಾಗಿ ಗೋಲ್ ಸಿಂಧು. ಪುಸ್ತಕದ ಪ್ರಕಾರ ಇದರಲ್ಲಿ ತಪ್ಪಿಲ್ಲ, ಫೌಲ್ ಕೂಡ ಆಗಿರಲಿಲ್ಲ. ಆದರೆ ಗೋಲ್‌ಕೀಪರ್ ಬಿದ್ದಿದ್ದಾನೆ ಎಂಬುದು ರೆಫರಿಗೆ ಚೆಂಡು ಒಳಗೆ ಹೋದ ಮೇಲೆ ಕಂಡಿತೆಂದರೆ ಅವರ ಕಣ್ಣು ಚೆಂಡಿಗೇ ಅಂಟಿಕೊಂಡಿತ್ತು. ಒಳ್ಳೆಯ ರೆಫರಿ ಚೆಂಡು ಮುಂದೆ ಹೋದ ಮೇಲೂ ಒಮ್ಮೆ ಹಿಂದಿರುಗಿ ನೋಡುತ್ತಾನೆ. ಹಾಗೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ: 1982ರ ಜುಲೈ 8ರಂದು ಸೆವಿಲ್ಲಾದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನ್ ಗೋಲ್‌ಕೀಪರ್ ಶೂಮಾಕರ್ ಫ್ರಾನ್ಸ್‌ನ ಬ್ಯಾಟಿಸ್ಟನ್ ಮೇಲೆ ಎರಗಿ, ಅವರು ಪ್ರಜ್ಞೆ ತಪ್ಪಿ, ಹಲ್ಲು ಮುರಿದು, ಬೆನ್ನೆಲುಬಿಗೆ ಪೆಟ್ಟು ಮಾಡಿಕೊಂಡು ಬಿದ್ದಾಗ ರೆಫರಿ ಚಾರ್ಲ್ಸ್ ಕೊರ್ವರ್ ಕೊಟ್ಟದ್ದು ಗೋಲ್‌ಕಿಕ್. ಫೌಲ್ ಇಲ್ಲ, ಕಾರ್ಡ್ ಇಲ್ಲ.

ಇವೆಲ್ಲ ವೈದ್ಯರು, ಸ್ಟ್ರೆಚರ್, ಕ್ಯಾಮೆರಾ ಎಲ್ಲ ಇರುವ ಮೈದಾನಗಳ ಮಾತು. ನಮ್ಮ ಬೆಂಗಳೂರಿಗೆ ಈ ವಿಷಯದಲ್ಲಿ ತನ್ನದೇ ನೋವಿನ ಚರಿತ್ರೆ ಇದೆ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್, ಮೋಹನ್ ಬಾಗಾನ್ ವಿರುದ್ಧ ತಮ್ಮ ಎರಡನೇ ಗೋಲ್ ಹೊಡೆಯುವಾಗ ಗೋಲ್‌ಕೀಪರ್ ಸುಬ್ರತಾ ಪಾಲ್‌ಗೆ ಡಿಕ್ಕಿಯಾಗಿ ಕುಸಿದರು, ಬದುಕಲಿಲ್ಲ. ಆ ಮೇಲೆ ದೇಶದಲ್ಲಿ ನಡೆದ ಚರ್ಚೆಯೆಲ್ಲ ಗೋಲ್‌ಕೀಪರನ ತಪ್ಪು ಎಷ್ಟು ಎಂಬುದರ ಸುತ್ತ ಸುತ್ತಿತು. ಬಿದ್ದವನನ್ನು ಎತ್ತಲು ಮೈದಾನ ಎಷ್ಟು ಸಜ್ಜಾಗಿತ್ತು ಎಂಬ ಪ್ರಶ್ನೆ ಹಿಂದೆ ಬಿತ್ತು. ಏಳು ವರ್ಷಗಳ ನಂತರ ಆ ಪ್ರಶ್ನೆ ಮತ್ತೆ ಎದುರಾಯಿತು. 2012ರ ಮಾರ್ಚ್ 21ರಂದು, ಲಂಡನ್ನಿನಲ್ಲಿ ಮುಆಂಬಾ ಕುಸಿದ ನಾಲ್ಕೇ ದಿನಕ್ಕೆ, ಬೆಂಗಳೂರಿನ ಜಿಲ್ಲಾ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ಯುವ ಆಟಗಾರನೊಬ್ಬ ಮೈದಾನದಲ್ಲಿ ಕುಸಿದ. ಲಂಡನ್ನಿನಲ್ಲಿ ವೈದ್ಯರ ತಂಡದ ಜತೆಗೆ ಪ್ರೇಕ್ಷಕರ ನಡುವಿದ್ದ ಹೃದಯತಜ್ಞರೂ ಓಡಿ ಬಂದಿದ್ದರು. 78 ನಿಮಿಷ ನಿಂತಿದ್ದ ಹೃದಯ ಮತ್ತೆ ಮಿಡಿಯಿತು. ಇಲ್ಲಿ ಆಂಬ್ಯುಲೆನ್ಸ್ ಇರಲಿಲ್ಲ. ಗೆಳೆಯರು ಆಟೊದಲ್ಲಿ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಲಿಲ್ಲ.

ಆಸ್ಟಿನ್ ಟೌನ್, ಗೌತಮಪುರ, ಮಂಗಳೂರಿನ ನೆಹರೂ ಮೈದಾನ, ಇಂಥ ಕಡೆ ಸಂಜೆ ನಡೆಯುವ ಪಂದ್ಯಗಳಲ್ಲಿ ನಿಯಮಪುಸ್ತಕ ಹೇಳುವ ವೈದ್ಯ ಹೆಚ್ಚಿನ ಸಲ ಇರುವುದೇ ಇಲ್ಲ. ಸೀಟಿ ಹಿಡಿದವನೇ ಎಲ್ಲ. ಹಾಗಾಗಿ ಅವನಿಗೆ ಕಲಿಸಬೇಕಾದ್ದು ಆಫ್‌ಸೈಡಿನ ಸೂಕ್ಷ್ಮಗಳಿಗಿಂತ ಮೊದಲು ಬೇರೆ ಇದೆ: ತಲೆ, ಕುತ್ತಿಗೆಗೆ ಪೆಟ್ಟಾದವನನ್ನು ಎತ್ತಿ ನಿಲ್ಲಿಸಲು ಗೆಳೆಯರನ್ನು ಬಿಡಬಾರದು, ಬಾಯಿಗೆ ನೀರು ಸುರಿಯಲು ಬಿಡಬಾರದು, ಯಾರೂ ತಾಗದೆ ಬಿದ್ದವನು ಮಾತನಾಡದಿದ್ದರೆ, ಉಸಿರು ಸರಿಯಿಲ್ಲದಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಬೇಕು. ಎದೆ ಒತ್ತುವ ತರಬೇತಿ ಅರ್ಧ ದಿನದ ಕೆಲಸ. ರೆಫರಿ ಪರವಾನಗಿ ಕೊಡುವಾಗ ಅದನ್ನು ಕಡ್ಡಾಯ ಮಾಡಲು ಜಿಲ್ಲಾ ಸಂಸ್ಥೆಗಳಿಗೆ ಫಿಫಾದ ಅಪ್ಪಣೆ ಬೇಕಿಲ್ಲ. ಪಂದ್ಯಕ್ಕೆ ಮುನ್ನ ರೆಫರಿ ಗೋಲ್ ಬಲೆ ಹರಿದಿದೆಯೇ, ಮೂಲೆ ಬಾವುಟ ನೆಟ್ಟಿದೆಯೇ ಎಂದು ಸುತ್ತಿ ನೋಡುತ್ತಾನೆ. ಸರಿಯಿಲ್ಲದಿದ್ದರೆ ಆಟ ಶುರು ಮಾಡುವುದಿಲ್ಲ. ಆಂಬ್ಯುಲೆನ್ಸ್ ಎಲ್ಲಿ ನಿಂತಿದೆ, ಗೇಟಿನ ಬೀಗ ತೆಗೆದಿದೆಯೇ, ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳುವುದೂ ಅದೇ ಸುತ್ತಿಗೆ ಸೇರಬೇಕು. ಉತ್ತರ ಸಿಗದಿದ್ದರೆ ಸೀಟಿ ಊದದೆ ಕಾಯುವ ಅಧಿಕಾರವನ್ನು ಸಂಘಟಕರು ಅವನಿಗೆ ಬರಹದಲ್ಲಿ ಕೊಡಬೇಕು.